ಮೆತ್ತಿನ ಮೇಲೆ ಬಾತ್‌ಟಬ್: ಹಳೇ ಜಂತಿ ತಡೆಯುತ್ತಾ?

ಪ್ರಶ್ನೆ: ನಮ್ಮದು ಶಿರಸಿ–ಕುಮಟಾ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳೇ ಮನೆ. ಮಾವನವರ ಅಪ್ಪ ಕಟ್ಟಿಸಿದ್ದು. ಚಿರೆಕಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ಮಂಗಳೂರು ಹೆಂಚು. ಮಗ ಹೋಂಸ್ಟೇ ಮಾಡಲು ಹೊರಟಿದ್ದಾನೆ. ಮೆತ್ತಿನ (ಮಹಡಿಯ) ಮೇಲೆ ಪಡುಗಡೆ ಕೋಣೆಯಿಂದ ತೋಟ ಚೆನ್ನಾಗಿ ಕಾಣುತ್ತದೆ, ಅಲ್ಲೇ ಕಿಟಕಿ ಪಕ್ಕ ಬಾತ್‌ಟಬ್ ಇಡಬೇಕು ಅನ್ನುತ್ತಾನೆ. ಟಬ್ಬು ಅಕ್ರಿಲಿಕ್‌ನದು, ಐದೂವರೆ ಅಡಿ ಉದ್ದ, 200 ಲೀಟರ್ ನೀರು ಹಿಡಿಯುತ್ತದಂತೆ. ಕೋಣೆ 10 ಅಡಿಗೆ 8 ಅಡಿ. ಕೆಳಗಿನಿಂದ ನೋಡಿದರೆ ಮತ್ತಿ ಮರದ ಜಂತಿಗಳು, 4 ಇಂಚು ಅಗಲ, 5 ಇಂಚು ಎತ್ತರ, ಎರಡೆರಡು ಅಡಿಗೆ ಒಂದು. ಪಡುಗೋಡೆಯಿಂದ ನಡುಗೋಡೆಗೆ 10 ಅಡಿ. ಜಂತಿ ಮೇಲೆ ಹಲಗೆ, ಹಲಗೆ ಮೇಲೆ ನಾಲ್ಕು ಇಂಚಿನಷ್ಟು ಮುಚ್ಚಿಗೆ ಮಣ್ಣು. ಮೇಸ್ತ್ರಿ ಹೇಳುವುದು "ಮೇಲೆ 3 ಇಂಚು ಕಾಂಕ್ರೀಟ್ ಹಾಕಿ ಟೈಲ್ಸ್ ಹಚ್ಚಿಬಿಟ್ಟರೆ ನೆಲ ಗಟ್ಟಿಯಾಗುತ್ತೆ" ಅಂತ. ಮಾವನವರು "ಅಲ್ಲಿ ಅಡಿಕೆ ಚೀಲ ಪೇರಿಸಿಡುತ್ತಿದ್ದೆವು, ಟಬ್ಬು ಯಾವ ಲೆಕ್ಕ" ಅನ್ನುತ್ತಾರೆ. ನನಗೆ ಮಾತ್ರ ಹೆದರಿಕೆ. ನೆಲ ತಡೆಯುತ್ತದೋ ಇಲ್ಲವೋ ನೋಡುವುದು ಹೇಗೆ?

ಉತ್ತರ: ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಆದರೆ ಹೆದರಬೇಕಾದ್ದು ಟಬ್ಬಿಗಲ್ಲ. ಮೇಸ್ತ್ರಿಯ ಕಾಂಕ್ರೀಟಿಗೆ, ಮತ್ತೆ ಪಡುಗೋಡೆಯೊಳಗೆ ಹುಗಿದುಕೊಂಡಿರುವ ಜಂತಿಯ ತುದಿಗಳಿಗೆ.

ಮಾವನವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅಡಿಕೆ ಚೀಲದ ಭಾರ ಹೊತ್ತು ನಿಂತ ಜಂತಿ ಎಂದರೆ ಅದೊಂದು ಪರೀಕ್ಷೆಯೇ. ಕಾಗದದ ಮೇಲಿನ ಲೆಕ್ಕಕ್ಕಿಂತ ಎಷ್ಟೋ ಸಲ ಇಂಥ ಹಳೇ ನೆನಪೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ಅದು ಆಗ ಪಾಸಾದ ಪರೀಕ್ಷೆ. ಆಗಿನಿಂದ ಎಷ್ಟು ಮಳೆಗಾಲ ಕಳೆದಿದೆ? ನಡುವೆ ಎಷ್ಟು ಹೆಂಚು ಒಡೆದು ಎಷ್ಟು ದಿನ ಸೋರಿದೆ? ಇನ್ನೊಂದು ವಿಷಯ. ಅಡಿಕೆ ಚೀಲ ಒಣ ಸರಕು. ಅದರಿಂದ ನೆಲಕ್ಕೆ ಒಂದು ಹನಿ ನೀರೂ ಇಳಿಯುವುದಿಲ್ಲ. ಟಬ್ಬು ಹಾಗಲ್ಲ. ಭಾರವನ್ನು ಜಂತಿ ಹೊತ್ತೀತು, ನೀರನ್ನು ತಡೆದುಕೊಳ್ಳುವುದೇ ಕಷ್ಟ.

ಮೊದಲು ಟಬ್ಬಿನ ತೂಕ ನೋಡೋಣ. ಅಕ್ರಿಲಿಕ್ ಟಬ್ಬು ಕಾಲು, ಫ್ರೇಮು ಸೇರಿ ಸುಮಾರು 40 ಕೆಜಿ. 200 ಲೀಟರ್ ನೀರು 200 ಕೆಜಿ. ಒಳಗೆ ಒಬ್ಬರು ಕೂತರೆ 70 ಕೆಜಿ ಹಿಡಿಯೋಣ. ಒಟ್ಟು 310. ನಿಜ ಹೇಳಬೇಕೆಂದರೆ ಇದು ಸ್ವಲ್ಪ ಜಾಸ್ತಿಯೇ ಆಯಿತು. ತುಂಬಿದ ಟಬ್ಬಿಗೆ ಮನುಷ್ಯ ಇಳಿದರೆ ಹೆಚ್ಚುಕಡಿಮೆ ಅವನ ತೂಕದಷ್ಟೇ ನೀರು ಮೇಲಿನ ತೂತಿನಿಂದ ಹೊರಗೆ ಹೋಗುತ್ತದೆ. ಇರಲಿ, ಲೆಕ್ಕದಲ್ಲಿ ಧಾರಾಳವಾಗಿರುವುದೇ ಒಳ್ಳೆಯದು. ಟಬ್ಬು ಕೂರುವ ಜಾಗ 1.7 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ, ಅಂದರೆ 1.3 ಚದರ ಮೀಟರಿಗೆ ಸ್ವಲ್ಪ ಕಮ್ಮಿ. ಚದರ ಮೀಟರಿಗೆ ಸುಮಾರು 245 ಕೆಜಿ ಬಿತ್ತು.

ಇದು ಎಷ್ಟು ಭಾರ? ಕಟ್ಟಡದ ಭಾರಕ್ಕೆ ನಮ್ಮ ದೇಶದಲ್ಲಿ ಅನುಸರಿಸುವ ಸಂಹಿತೆ ಐಎಸ್ 875. ಅದರ ಎರಡನೇ ಭಾಗ 1987ರದ್ದು. ವಾಸದ ಮನೆಯ ಕೋಣೆಗೂ ಬಚ್ಚಲಿಗೂ ಚದರ ಮೀಟರಿಗೆ ಸುಮಾರು 200 ಕೆಜಿ, ಬಾಲ್ಕನಿಗೆ 300 ಕೆಜಿ ಓಡಾಟದ ಭಾರ (ಜನ, ಸಾಮಾನಿನ ಭಾರ) ಹಿಡಿಯಬೇಕು ಅನ್ನುತ್ತದೆ ಅದು. ನಿಮ್ಮ ಟಬ್ಬು ಇವೆರಡರ ನಡುವೆ ಕೂತಿತು. ಸಣ್ಣ ಜಾಗದಲ್ಲಿ ಸ್ವಲ್ಪ ಜಾಸ್ತಿ ಭಾರ, ಅಷ್ಟೇ. ಅದೂ ಅರ್ಧ ಗಂಟೆಯ ಭಾರ. ಸ್ನಾನ ಮುಗಿದರೆ ನೀರು ಹೋಯಿತು, ಮನುಷ್ಯನೂ ಹೋದ. ಮರ ಇಂಥ ಹೊತ್ತಿನ ಭಾರವನ್ನು ಚೆನ್ನಾಗಿ ತಾಳುತ್ತದೆ. ಅದನ್ನು ನಿಧಾನಕ್ಕೆ ಬಗ್ಗಿಸುವುದು ವರ್ಷಗಟ್ಟಲೆ ಕದಲದೆ ಕೂತ ಭಾರ.

ಕದಲದ ಭಾರ ಎಂದರೆ ಮೇಸ್ತ್ರಿ ಹೇಳಿದ ಕಾಂಕ್ರೀಟು. 3 ಇಂಚು ಕಾಂಕ್ರೀಟಿಗೆ ಚದರ ಮೀಟರಿಗೆ 180 ಕೆಜಿ. ಅದರ ಮೇಲೆ ಇಂಚಿನಷ್ಟು ಗಾರೆ, ಟೈಲ್ಸು ಸೇರಿ ಇನ್ನೊಂದು 80. ಒಟ್ಟು 260. ನಿಮ್ಮ ಕೋಣೆ ಏಳು ಚದರ ಮೀಟರಿಗಿಂತ ದೊಡ್ಡದು. ಗುಣಿಸಿ ನೋಡಿ, ಹೆಚ್ಚುಕಡಿಮೆ 1900 ಕೆಜಿ. 310 ಕೆಜಿ ಟಬ್ಬಿಗೆ ಹೆದರಿ ಎರಡು ಟನ್ನು ಕಾಂಕ್ರೀಟ್ ಹೇರಿದ ಹಾಗಾಯಿತು! ಅದರಿಂದ ಜಂತಿಗೆ ಬಲವೂ ಬರುವುದಿಲ್ಲ. ಕಂಬಿ, ಬೋಲ್ಟು ಏನೂ ಇಲ್ಲದೆ ಸುಮ್ನೆ ಸುರಿದ ಕಾಂಕ್ರೀಟು ಮರದ ಜತೆ ಸೇರಿ ಕೆಲಸ ಮಾಡುವುದಿಲ್ಲ. ಅದರ ಮೇಲೆ ಕೂತುಕೊಳ್ಳುತ್ತದೆ. ಮೇಲೆ ನಡೆದಾಗ ಅಲುಗಾಟ ಕಮ್ಮಿಯಾಗಿ "ಗಟ್ಟಿಯಾಯ್ತು" ಅನ್ನಿಸುತ್ತದೆ, ನಿಜ. ಆ ಅನ್ನಿಸಿಕೆಯೇ ಅಪಾಯ.

ಇಷ್ಟಕ್ಕೇ ನಿಲ್ಲುವುದಿಲ್ಲ. ಟಬ್ಬು ಇಟ್ಟಮೇಲೆ ಕಾಣುವ ಎರಡು ಬದಿಗೆ ಇಟ್ಟಿಗೆ ಕಟ್ಟಿ, ಅಡಿಗೆ ಮರಳು ತುಂಬಿ, ಹೊರಗೆ ಟೈಲ್ಸ್ ಹಚ್ಚುವ ರೂಢಿ ಇದೆ. ನಾಲ್ಕಿಂಚಿನ ಆ ಗಿಡ್ಡ ಗೋಡೆಯೇ 230 ಕೆಜಿ ದಾಟುತ್ತದೆ. ಒಳಗಿನ ಮರಳು ಇನ್ನೊಂದು 300. ಟಬ್ಬಿಗಿಂತ ಟಬ್ಬಿನ ಅಲಂಕಾರವೇ ಭಾರ. ನೆಲ ಅಂತಸ್ತಿನ ಬಚ್ಚಲಲ್ಲಿ ಹೇಗೆ ಬೇಕಾದರೂ ಕಟ್ಟಿಕೊಳ್ಳಲಿ. ಮೆತ್ತಿನ ಮೇಲೆ ಬೇಡವೇ ಬೇಡ. ತೆಳು ಫ್ರೇಮಿಗೆ ಸಿಮೆಂಟ್ ಬೋರ್ಡು ಹೊಡೆದರೆ ಸಾಕು. ಒಂದು ಬದಿಯನ್ನು ಸ್ಕ್ರೂ ಬಿಚ್ಚಿ ತೆಗೆಯುವ ಹಾಗೆ ಇಟ್ಟುಕೊಳ್ಳಿ, ಮುಂದೆ ಪೈಪು ಸೋರಿದರೆ ಕೈ ಹಾಕಲು ದಾರಿ ಬೇಕಲ್ಲ.

ಈಗ ಜಂತಿಯ ಲೆಕ್ಕ. ಎಂಜಿನಿಯರಿಗೇ ಬಿಡಬೇಕಾದ ಕೆಲಸ ಇದು, ಆದರೂ ಅಂದಾಜು ನಿಮಗೂ ಗೊತ್ತಿರಲಿ. ಜಂತಿಯ ಅಗಲವನ್ನು ಎತ್ತರದಿಂದ ಎರಡು ಸಲ ಗುಣಿಸಿ 6ರಿಂದ ಭಾಗಿಸಿ. ಎಲ್ಲ ಸೆಂಟಿಮೀಟರಿನಲ್ಲಿ. ನಿಮ್ಮದು ಅಗಲ 10, ಎತ್ತರ 12.5. ಬಂದದ್ದು 260. ಹಳೇ ಮರಕ್ಕೆ, ಜಾತಿ ಯಾವುದೇ ಇರಲಿ, ಚದರ ಸೆಂಟಿಮೀಟರಿಗೆ 80 ಕೆಜಿಗಿಂತ ಜಾಸ್ತಿ ಒತ್ತಡ ನಾನು ಹಿಡಿಯುವುದಿಲ್ಲ. ಒಳ್ಳೇ ಮತ್ತಿ ಮುರಿಯುವುದು ಇದರ ಹಲವು ಪಟ್ಟು ಒತ್ತಡಕ್ಕೆ. ನಿಮ್ಮ ಮಾವನವರ ಚೀಲಗಳನ್ನು ಹೊತ್ತದ್ದು ಈ ಅಂತರವೇ. 260ನ್ನು 80ರಿಂದ, ಮತ್ತೆ 8ರಿಂದ ಗುಣಿಸಿ ಜಂತಿಯ ಉದ್ದ 300 ಸೆಂಟಿಮೀಟರಿನಿಂದ ಭಾಗಿಸಿದರೆ 555 ಬರುತ್ತದೆ. ಒಂದು ಜಂತಿ ಉದ್ದಕ್ಕೂ ಹರಡಿಕೊಂಡ ಸುಮಾರು 555 ಕೆಜಿಯನ್ನು ನೆಮ್ಮದಿಯಿಂದ ಹೊರುತ್ತದೆ ಅಂತ ಅರ್ಥ.

ಒಂದೊಂದು ಜಂತಿಯ ಪಾಲಿಗೆ ಬರುವ ನೆಲ 1.8 ಚದರ ಮೀಟರ್. ಹಲಗೆ ಮತ್ತು ಜಂತಿಯ ಸ್ವಂತ ತೂಕ 70 ಕೆಜಿ. ನಾಲ್ಕು ಇಂಚು ಮುಚ್ಚಿಗೆ ಮಣ್ಣು ಸುಮಾರು 300 ಕೆಜಿ. ಅಲ್ಲಿಗೆ 370 ಆಯಿತು. ಬಾಕಿ ಉಳಿದದ್ದು 185. ಈಗಿನ ಸಂಹಿತೆ ಕೇಳುವ ಓಡಾಟದ ಭಾರ ಒಂದು ಜಂತಿಗೆ 360. ಅಂದರೆ ಟಬ್ಬಿಲ್ಲದೆಯೇ ನಿಮ್ಮ ನೆಲ ಕಾಗದದ ಮೇಲೆ ತುಸು ಬಡವ. ಮೇಸ್ತ್ರಿಯ ಕಾಂಕ್ರೀಟು, ಟೈಲ್ಸು ಬಂದರೆ ಜಂತಿಗೆ ಇನ್ನೂ 470. ಒಟ್ಟು 840. ಟಬ್ಬು ಒಳಗೆ ಬರುವ ಮೊದಲೇ 555ರ ಗೆರೆ ದಾಟಿ ಎಲ್ಲೋ ಹೋಯಿತು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಆ ಕೋಣೆಯ ಮುಚ್ಚಿಗೆ ಮಣ್ಣನ್ನು ತೆಗೆದುಬಿಟ್ಟರೆ ಜಂತಿಗೆ ಬಾಕಿ 480 ಕೆಜಿ ಸಿಗುತ್ತದೆ. ಟಬ್ಬು ಮೂರು ಜಂತಿಗಳ ಮೇಲೆ ಅಡ್ಡ ಕೂತರೆ ಒಂದೊಂದಕ್ಕೆ 105 ಕೆಜಿ. ಅದು ಒಂದೇ ಕಡೆ ಒತ್ತುವ ಭಾರವಾದ್ದರಿಂದ ಜಂತಿಯ ನಟ್ಟನಡುವೆ ಇಟ್ಟರೆ ಹರಡಿದ 185 ಕೆಜಿಗೆ ಸಮ. ಅಷ್ಟಾದರೂ ಜಾಗ ಉಳಿಯುತ್ತದೆ. ಹಿಂದೆ ಸೋಗೆ, ಹುಲ್ಲಿನ ಮಾಡು ಇದ್ದಾಗ ಬೆಂಕಿ ಬಿದ್ದರೆ ಕೆಳಗಿಳಿಯದಿರಲಿ ಎಂದು ಮುಚ್ಚಿಗೆಗೆ ಮಣ್ಣು ಹಾಕುತ್ತಿದ್ದರು. ಹೆಂಚಿನ ಮಾಡಿಗೆ ಅದರ ಅಗತ್ಯ ಅಷ್ಟಿಲ್ಲ. ತಂಪು ಕಮ್ಮಿಯಾಗುತ್ತದೆ, ಮೇಲೆ ನಡೆದ ಸದ್ದು ಕೆಳಗೆ ಕೇಳುತ್ತದೆ. ಅದನ್ನು ತಾಳಿಕೊಳ್ಳಬೇಕು. ಮಣ್ಣು ತೆಗೆಯುವವರಿಗೆ ಒಂದು ಮಾತು ಹೇಳಿಡಿ: ಅಗೆದದ್ದನ್ನು ಕೋಣೆಯ ನಡುವೆ ಗುಡ್ಡೆ ಹಾಕಬಾರದು, ಬುಟ್ಟಿ ಬುಟ್ಟಿಯಾಗಿ ಆಗಲೇ ಕೆಳಗೆ ಸಾಗಿಸಬೇಕು.

ಇಲ್ಲಿಯವರೆಗಿನ ಲೆಕ್ಕವೆಲ್ಲ ಜಂತಿ ಪೂರ್ತಿ ಗಟ್ಟಿ ಇದ್ದರೆ ಮಾತ್ರ. ಅಲ್ಲೇ ಇರುವುದು ತಾಪತ್ರಯ.

ಹಳೇ ಜಂತಿ ನಡುವಿನಲ್ಲಿ ಕೆಡುವುದು ಅಪರೂಪ. ಅಲ್ಲಿ ಗಾಳಿ ಆಡುತ್ತದೆ, ಕೆಳಗೆ ಒಲೆ ಉರಿಯುತ್ತಿದ್ದ ಮನೆಯಾದರೆ ಹೊಗೆಯೂ ತಾಗಿರುತ್ತದೆ. ಕೆಡುವುದು ಗೋಡೆಯೊಳಗೆ ಹೋದ ಆರೆಂಟು ಇಂಚು. ಮರ ಅಡ್ಡಕ್ಕೆ ಹೀರುವ ನೀರು ಕಮ್ಮಿ, ಕಡಿದ ತುದಿಯಿಂದ ಹೀರುವುದು ಜಾಸ್ತಿ. ಆ ತುದಿಯೇ ಚಿರೆಕಲ್ಲಿಗೆ, ಮಣ್ಣಿನ ಗಾರೆಗೆ ಒತ್ತಿಕೊಂಡಿದೆ. ಚಿರೆಕಲ್ಲು ನೀರು ಕುಡಿಯುವ ಕಲ್ಲು. ಮೇಲೆ ಮೊದಲಿನ ಸುಣ್ಣದ ಗಿಲಾವು ಇದ್ದಾಗ ಗೋಡೆ ಕುಡಿದ ನೀರನ್ನು ಬೇಸಿಗೆಯಲ್ಲಿ ಹೊರಗೆ ಬಿಡುತ್ತಿತ್ತು. ಆಮೇಲೆ ಯಾವಾಗಲೋ ಹೊರಗಿನಿಂದ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಒಳಗಿನಿಂದ ಆಯಿಲ್ ಪೇಂಟ್ ಹೊಡೆಸಿರುತ್ತಾರೆ. ಒಳಹೊಕ್ಕ ನೀರು ಹೊರಗೆ ಬರಲಾರದೆ ಅಲ್ಲೇ ಕೂರುತ್ತದೆ. ಮರದ ತೇವ ಶೇ. 20ರ ಮೇಲೆ ಹೋಗಿ ನಿಂತಿತೋ, ಬೂಸ್ಟು ಹಿಡಿದು ಲಡ್ಡಾಗಲು, ಅಂದರೆ ಕೊಳೆಯಲು, ಶುರು.

ನಿಮ್ಮದು ಪಡುಗೋಡೆ ಬೇರೆ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆ ಹೊಡೆಯುವುದು ಆ ಕಡೆಯಿಂದಲೇ. ಹಳಬರು ಮಳೆಗಾಲದ ಮುಂಚೆ ಪಡುಗಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಸುಮ್ನೆ ಅಲ್ಲ. ನಿಮ್ಮ ಮನೆಗೆ ತಟ್ಟಿ ಕಟ್ಟುವುದು ಯಾವಾಗ ನಿಂತಿತು ಅಂತ ಮಾವನವರನ್ನು ಕೇಳಿ. ಚೀಲದ ಲೆಕ್ಕಕ್ಕಿಂತ ಆ ಉತ್ತರ ನನಗೆ ಹೆಚ್ಚು ಬೇಕು. ಬದಲಿಗೆ ತಗಡಿನ ಶೀಟು ಇಳಿಬಿಟ್ಟಿದ್ದರೆ ಸಮಾಧಾನ. ಏನೂ ಇಲ್ಲದೆ ಹತ್ತಿಪ್ಪತ್ತು ಮಳೆಗಾಲ ಬರಿಗೋಡೆ ನೆನೆದಿದ್ದರೆ ಒಂದೊಂದು ತುದಿಯನ್ನೂ ಅನುಮಾನದಿಂದಲೇ ನೋಡಬೇಕು.

ನೋಡುವುದು ಹೀಗೆ. ಕೆಳಗಿನ ಕೋಣೆಯಲ್ಲಿ ಏಣಿ ಇಟ್ಟು, ಟಾರ್ಚು ಹಿಡಿದು, ಜಂತಿ ಗೋಡೆಗೆ ಸೇರುವ ಜಾಗಕ್ಕೆ ಮುಖ ಹತ್ತಿರ ತನ್ನಿ. ಬಣ್ಣ ಉಬ್ಬಿದೆಯೇ, ಮರ ಚೌಕ ಚೌಕವಾಗಿ ಬಿರಿದಿದೆಯೇ, ಗೋಡೆಯಿಂದ ಮಣ್ಣಿನ ಗೆರೆ ಹತ್ತಿ ಒರಲೆ ಬಂದಿದೆಯೇ, ಕೆಳಗೆ ಮರ ಕೊರೆಯುವ ಕುಟ್ಟೆ ಹುಳದ ಹುಡಿ ಉದುರಿದೆಯೇ? ಆಮೇಲೆ ಸಣ್ಣ ಸುತ್ತಿಗೆಯಿಂದ ಜಂತಿಯ ನಡುವಿನಲ್ಲಿ ಒಂದು ಸಲ ಬಡಿದು ಸದ್ದು ಕೇಳಿಕೊಳ್ಳಿ. ಅಲ್ಲಿಂದ ಬಡಿಯುತ್ತಾ ಗೋಡೆ ಕಡೆ ಬನ್ನಿ. ಠಣ್ ಅನ್ನುತ್ತಿದ್ದದ್ದು ಡಬ್ ಅನ್ನತೊಡಗಿದರೆ ಅಲ್ಲಿಗೆ ಗುರುತು ಹಾಕಿ. ಗುರುತಿನ ಹತ್ತಿರ ಸ್ಕ್ರೂಡ್ರೈವರ್ ಒತ್ತಿ ನೋಡಿ. ಗಟ್ಟಿ ಮತ್ತಿಗೆ ಕೈಬಲದಲ್ಲಿ ಅದು ಕಚ್ಚುವುದೇ ಕಷ್ಟ.

ಹೊರಗಿನ ಮೈ ನಂಬಬೇಡಿ. ಕುಮಟಾ ಕಡೆ ಒಂದು ಮನೆಯಲ್ಲಿ ಎನಾಮೆಲ್ ಬಳಿದು ಮಿರಮಿರ ಮಿಂಚುತ್ತಿದ್ದ ತೊಲೆ ನೋಡಿದ್ದೆ. ಗೋಡೆಯಿಂದ ಒಂದಡಿ ಈಚೆಗೆ ಚಾಕುವಿನ ಮೊನೆ ಗೀರು ಬಿಟ್ಟು ಮುಂದೆ ಹೋಗಲಿಲ್ಲ. ಗೋಡೆಯ ಬುಡದಲ್ಲಿ ಅದೇ ಚಾಕು ಹಿಡಿಯವರೆಗೆ ಇಳಿಯಿತು. ಮೇಲೆ ಬಣ್ಣ ಮತ್ತು ಕಾಲಿಂಚು ಮರದ ಸಿಪ್ಪೆ, ಒಳಗೆ ಕಾಫಿಪುಡಿಯಂಥ ಹುಡಿ.

ಅದಕ್ಕೇ ಡ್ರಿಲ್ ಪರೀಕ್ಷೆ ಬೇಕು. ಬಡಗಿಯನ್ನು ಕರೆದು, 3 ಅಥವಾ 4 ಮಿಲಿಮೀಟರಿನ ಉದ್ದದ ಬಿಟ್ ಹಾಕಿಸಿ, ಜಂತಿಯ ಬದಿಯಿಂದ ಓರೆಯಾಗಿ ಗೋಡೆಯೊಳಗಿನ ತುದಿ ಕಡೆಗೆ ಕೊರೆಸಿ. ಎತ್ತರದ ನಡುಮಟ್ಟದಲ್ಲಿ ಕೊರೆದರೆ ಬಲಕ್ಕೆ ಏನೂ ಆಗುವುದಿಲ್ಲ. ಬಿಳಿ ಹಾಳೆ ಹಿಡಿದು ಉದುರುವುದನ್ನು ನೋಡಿ. ಗಟ್ಟಿ ಮರದಲ್ಲಿ ಸುರುಳಿ ಸುರುಳಿ ಹೊಟ್ಟು ಬರುತ್ತದೆ, ಒಂದೇ ಸಮ ಬಲ ಹಾಕಬೇಕಾಗುತ್ತದೆ. ಲಡ್ಡು ಮರದಲ್ಲಿ ಕಪ್ಪು ಪುಡಿ, ಬಿಟ್ ಒಮ್ಮೆಲೇ ದಡಕ್ಕನೆ ಒಳಗೆ ಹೋಗುತ್ತದೆ. ಒದ್ದೆ ಮರವಾದರೆ ನಾರು ಬಿಟ್ಟಿಗೇ ಸುತ್ತಿಕೊಂಡು ಬರುತ್ತದೆ. ಟಬ್ಬು ಬರುವ ಜಾಗದ ಎಲ್ಲ ಜಂತಿಗಳಿಗೂ, ಎರಡೂ ತುದಿಗೂ ಮಾಡಿಸಿ. ಒಂದೆರಡು ನೋಡಿ ಉಳಿದದ್ದೂ ಹಾಗೇ ಇದ್ದೀತು ಅಂತ ಬಿಡಬೇಡಿ. ಒಂದೇ ಗೋಡೆಯಲ್ಲಿ ಒಂದು ತುದಿ ವಜ್ರ, ಪಕ್ಕದ್ದು ಹುಡಿ ಇರುತ್ತದೆ, ಮೇಲಿನ ಹೆಂಚು ಎಲ್ಲಿ ಸೋರಿತು ಅನ್ನುವುದರ ಮೇಲೆ. ತೇವ ಅಳೆಯುವ ಮೀಟರ್ ಸಿಕ್ಕರೆ ಒಳ್ಳೆಯದು. ಅದನ್ನು ಏಪ್ರಿಲ್‌ನಲ್ಲಿ ನೋಡಿ ಪ್ರಯೋಜನವಿಲ್ಲ, ಆಗಸ್ಟ್‌ನಲ್ಲಿ ನೋಡಬೇಕು.

ತುದಿ ನೋಡಿದ ಮೇಲೆ ಬಾಗು ನೋಡಿ. ಜಂತಿಯ ಅಡಿಗೆ ಈ ಗೋಡೆಯಿಂದ ಆ ಗೋಡೆಗೆ ನೂಲು ಬಿಗಿದು ಹಿಡಿದರೆ ನಡುವೆ ಎಷ್ಟು ಜಗ್ಗಿದೆ ಗೊತ್ತಾಗುತ್ತದೆ. ಮರದ ಕೆಲಸದ ಸಂಹಿತೆ ಐಎಸ್ 883 ಪ್ರಕಾರ ಟೈಲ್ಸ್‌ನಂಥ ಬಿರಿಯುವ ವಸ್ತು ಹೊರುವ ಜಂತಿ ಉದ್ದದ 360ರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬಾಗಬಾರದು. ನಿಮ್ಮ 10 ಅಡಿಗೆ ಅದು 8 ಮಿಲಿಮೀಟರ್. ಹಳೇ ಜಗ್ಗು ಇದಕ್ಕಿಂತ ಜಾಸ್ತಿ ಇದ್ದ ಮಾತ್ರಕ್ಕೆ ಗಾಬರಿ ಬೇಡ. ಎಷ್ಟೋ ಜಂತಿ ಹಸಿ ಮರ ಇರುವಾಗಲೇ ಏರಿಸಿದ್ದು, ಒಣಗುತ್ತಾ ಬಗ್ಗಿದ್ದು. ನಾಲ್ಕರಲ್ಲಿ ಒಂದು ಮಾತ್ರ ಜಗ್ಗಿದ್ದರೆ ಅನುಮಾನಪಡಿ. ಹಾಗೇ, ವೈರು ಎಳೆಯಲೆಂದು ಜಂತಿಯ ಅಡಿಭಾಗ ಕಚ್ಚು ಹಾಕಿದ್ದಾರೆಯೇ ನೋಡಿ. 5 ಇಂಚಿನಲ್ಲಿ ಒಂದಿಂಚು ಕಡಿದರೆ ಆ ಜಾಗದಲ್ಲಿ ಬಲ ಮೂರರಲ್ಲಿ ಎರಡು ಪಾಲಿಗೆ ಇಳಿಯಿತು.

ಇನ್ನು ಟಬ್ಬು ಎಲ್ಲಿ ಇಡಬೇಕು? ಜಂತಿಗೆ ಅಡ್ಡವಾಗಿ, ಗೋಡೆಗೆ ಒತ್ತಿ. ಉದ್ದುದ್ದ ಇಟ್ಟರೆ ಒಂದೋ ಎರಡೋ ಜಂತಿಯ ತಲೆಯ ಮೇಲೇ ಎಲ್ಲಾ ಬರುತ್ತದೆ. ಗೋಡೆಗೆ ಒತ್ತಿ ಇಟ್ಟರೆ ಜಂತಿಯನ್ನು ಬಗ್ಗಿಸುವ ಬಲ ನಡುವಿಗೆ ಇಟ್ಟದ್ದರ ಅರ್ಧಕ್ಕಿಂತ ಕಮ್ಮಿ. ಇದನ್ನು ಎಲ್ಲ ಪುಸ್ತಕವೂ ಹೇಳುತ್ತದೆ. ನಿಮ್ಮಂಥ ಮನೆಗೆ ಬೇಕಾದ ಇನ್ನರ್ಧ ಮಾತು ಬೇರೆ ಇದೆ. ಹಾಗೆ ಇಟ್ಟಾಗ ಟಬ್ಬಿನ ಭಾರದಲ್ಲಿ ನೂರಕ್ಕೆ 87 ಪಾಲು ಆ ಕಡೆಯ ತುದಿಯ ಮೇಲೇ ಬೀಳುತ್ತದೆ. ಪಡುಗಡೆ ಕಿಟಕಿಗೆ ಒತ್ತಿ ಇಟ್ಟರೆ ನಡು ಉಳಿಯುತ್ತದೆ, ಆದರೆ ಅನುಮಾನ ಇದ್ದ ತುದಿಗೇ ಭಾರ ಕೊಟ್ಟ ಹಾಗಾಗುತ್ತದೆ. ಆದ್ದರಿಂದ ನನ್ನ ಸಲಹೆ, ಟಬ್ಬು ನಡುಗೋಡೆ ಕಡೆಗೆ ಬರಲಿ. ಅಲ್ಲಿ ಮಳೆ ತಾಗುವುದಿಲ್ಲ. ಕಾಲು ಚಾಚಿ ಕೂತರೆ ಎಂಟಡಿ ದೂರದ ಕಿಟಕಿಯಿಂದಲೂ ತೋಟ ಕಾಣುತ್ತದೆ. ಮಗ ಒಪ್ಪಲಿಲ್ಲ ಅಂದರೆ ಪಡುಗಡೆಗೆ ಕಂಬ ಕೊಡಬೇಕು.

ಕಂಬದ ಕೆಲಸ ಅಷ್ಟೇನೂ ದೊಡ್ಡದಲ್ಲ. ಕೆಳಗಿನ ಕೋಣೆಯಲ್ಲಿ ಪಡುಗೋಡೆಯಿಂದ ಅರ್ಧ ಅಡಿ ಈಚೆಗೆ ಎರಡು ಕಂಬ ನಿಲ್ಲಿಸಿ, ಮೇಲೆ ಒಂದು ಅಡ್ಡ ತೊಲೆ ಕೊಟ್ಟು ಎಲ್ಲ ಜಂತಿಗಳೂ ಅದರ ಮೇಲೆ ಕೂರುವ ಹಾಗೆ ಮಾಡುವುದು. ಆಗ ಗೋಡೆಯೊಳಗಿನ ತುದಿ ಲಡ್ಡಾಗಿದ್ದರೂ ಭಾರಕ್ಕೆ ಅದು ಬೇಕಾಗಿಲ್ಲ. ಗೋಡೆ ಒಡೆಯುವ ಗೋಜೂ ಇಲ್ಲ. ಕಂಬವನ್ನು ಸುಮ್ನೆ ಕೆಳಗಿನ ನೆಲದ ಮೇಲೆ ನಿಲ್ಲಿಸಬೇಡಿ. ಅಡಿಗೆ ಗಟ್ಟಿ ನೆಲ ಸಿಗುವವರೆಗೆ ಅಗೆದು ಕಾಂಕ್ರೀಟಿನ ಪಾಯ, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಕಂಬ. ಹಳೇ ಮುಂಡಿಗೆಗಳು ಕಲ್ಲಿನ ಮೇಲೆ ನಿಂತಿರುವುದನ್ನು ನಿಮ್ಮ ಜಗಲಿಯಲ್ಲೇ ನೋಡಿರುತ್ತೀರಿ. ಕಬ್ಬಿಣದ ತೊಲೆ ಹಾಕುವುದಾದರೆ ಶಿರಸಿಯಲ್ಲಿ ಒಳ್ಳೇ ಪ್ರೈಮರ್ ಸಾಕು. ಕಾರವಾರ, ಅಂಕೋಲಾ, ಹೊನ್ನಾವರದಂಥ ಕಡಲ ಬದಿಯವರು ಇದನ್ನು ಓದುತ್ತಿದ್ದರೆ ಜಿಐ (ಸತುವಿನ ಲೇಪ) ಮಾಡಿಸಿದ್ದನ್ನೇ ತನ್ನಿ, ಉಪ್ಪುಗಾಳಿಗೆ ಬರಿ ಬಣ್ಣ ನಿಲ್ಲುವುದಿಲ್ಲ.

ಜಂತಿ ಗಟ್ಟಿ ಇದ್ದು ಬರೀ ತೆಳು ಅನ್ನಿಸಿದರೆ ಪಕ್ಕಕ್ಕೆ ಇನ್ನೊಂದು ಜಂತಿ ಜೋಡಿಸಿ ಬೋಲ್ಟ್ ಹಾಕಬಹುದು. ಹೊಸದನ್ನು ಯಾವತ್ತೂ ಎತ್ತರಕ್ಕೆ ನಿಲ್ಲಿಸಿ ಹಾಕಿ. 4 ಇಂಚಿಗೆ 6 ಇಂಚಿನ ಮರ ನಿಲ್ಲಿಸಿದರೆ ಮಲಗಿಸಿದ್ದಕ್ಕಿಂತ ಒಂದೂವರೆ ಪಟ್ಟು ಬಲ, ಬಾಗುವುದು ಅರ್ಧಕ್ಕಿಂತ ಕಮ್ಮಿ. ಗೋಡೆಯೊಳಗೆ ಹೋಗುವ ಹೊಸ ತುದಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿ ಸುತ್ತ ಅರ್ಧ ಇಂಚು ಗಾಳಿಗೆ ಜಾಗ ಬಿಡಿ, ಗಾರೆ ತುಂಬಬೇಡಿ. ಗೇರೆಣ್ಣೆ ಹಚ್ಚುವಾಗ ಕೈಗೆ ಗ್ಲೌಸ್ ಇರಲಿ, ತಾಗಿದಲ್ಲಿ ಬೊಬ್ಬೆ ಏಳುತ್ತದೆ.

ನೆಲಕ್ಕೆ ಏನು ಹಾಸುವುದು ಅಂತ ಕೇಳುತ್ತೀರಿ. ಹಲಗೆಯ ಮೇಲೆ ಸಿಮೆಂಟು ಒಗ್ಗುವುದಿಲ್ಲ. ಮಳೆಗಾಲದಲ್ಲಿ ಹಲಗೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮೇಲಿನ ಟೈಲ್ಸ್ ಸಂದು ಎರಡನೇ ವರ್ಷಕ್ಕೇ ಬಿರಿಯುತ್ತದೆ. ಆ ಬಿರುಕಿನಿಂದ ಇಳಿದ ನೀರು ನಿಮಗೆ ಕಾಣುವುದೇ ಇಲ್ಲ. ಹಲಗೆಯ ಮೇಲೆ 19 ಮಿಲಿಮೀಟರಿನ ಮರೈನ್ ಪ್ಲೈವುಡ್ ಸ್ಕ್ರೂ ಮಾಡಿಸಿ. ಚದರ ಮೀಟರಿಗೆ 13 ಕೆಜಿ ಅಷ್ಟೇ. ಅದರ ಮೇಲೆ ದೋಣಿಗೆ ಹಚ್ಚುವ ಹಾಗೆ ಫೈಬರ್ ಹಚ್ಚಿಸಿ, ಗೋಡೆಗೂ ಅರ್ಧ ಅಡಿ ಏರಿಸಿ, ಇಡೀ ನೆಲ ಒಂದು ಹರಿವಾಣದಂತಾಗಲಿ. ಈ ಕೆಲಸ ಬಲ್ಲವರು ಕರಾವಳಿಯಲ್ಲಿ ಸಿಗುತ್ತಾರೆ. ಬಾತ್‌ರೂಮ್ ಮೇಸ್ತ್ರಿಗಿಂತ ನಾನು ಅವರನ್ನೇ ನಂಬುತ್ತೇನೆ. ಸಮುದ್ರದ ನೀರನ್ನು ಹೊರಗೆ ತಡೆಯುವವರಿಗೆ ಟಬ್ಬಿನ ನೀರನ್ನು ಒಳಗೆ ತಡೆಯುವುದು ಕಷ್ಟವಲ್ಲ. ಮೇಲೆ ಬೇಕಾದರೆ ವಿನೈಲ್ ಶೀಟು ಹಾಸಿ. ನೀರು ಹರಿಯಲು ಜಾಲಿಯ ಕಡೆಗೆ ಇಳಿಜಾರು ಕೊಡುವುದನ್ನು ಪ್ಲೈವುಡ್ಡಿನಡಿಗೆ ಓರೆ ಪಟ್ಟಿ ಕೊಟ್ಟೇ ಮಾಡಬೇಕು, ಗಾರೆ ತುಂಬಿ ಅಲ್ಲ.

ಟಬ್ಬಿನ ಕಾಲು ಬರೀ ಹಲಗೆಯ ಮೇಲೆ ನಿಲ್ಲಬಾರದು. ಜಂತಿ ಇರುವ ಜಾಗಕ್ಕೆ ಗುರುತು ಮಾಡಿಕೊಂಡು, ಎರಡು ಇಂಚು ದಪ್ಪದ ಪಟ್ಟಿಯನ್ನು ಮೂರು ಜಂತಿಗೂ ತಾಗುವ ಹಾಗೆ ಹಾಸಿ ಅದರ ಮೇಲೆ ಕಾಲು ಇಡಿ. ಹೊರಹೋಗುವ ಪೈಪು ಜಂತಿ ಕೊರೆದು ಹೋಗಬಾರದು. ಎರಡು ಜಂತಿಯ ನಡುವಿನ ಸಂದಿಯಲ್ಲೇ ಹೋಗಿ ಗೋಡೆ ದಾಟಲಿ.

ಎಲ್ಲರೂ ಮರೆಯುವ ಒಂದು ಸಂಗತಿ ನೀರಿನ ಟ್ಯಾಂಕು. ಟಬ್ಬಿಗೆ ಒತ್ತಡ ಬೇಕು ಅಂತ 500 ಲೀಟರಿನ ಟ್ಯಾಂಕನ್ನು ಮೆತ್ತಿನ ಮೂಲೆಯಲ್ಲೋ ಅಟ್ಟದಲ್ಲೋ ಇಟ್ಟುಬಿಡುತ್ತಾರೆ. ಮೂರು ಅಡಿ ಅಗಲದ ಆ ಟ್ಯಾಂಕು ಕೂರುವ ಜಾಗಕ್ಕೆ ಚದರ ಮೀಟರಿಗೆ 750 ಕೆಜಿ ದಾಟುತ್ತದೆ. ಟಬ್ಬಿನ ಮೂರು ಪಟ್ಟು. ಅದೂ ಅರ್ಧ ಗಂಟೆಗಲ್ಲ, ಹಗಲೂ ರಾತ್ರಿ. ಟ್ಯಾಂಕು ಮನೆಯ ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೇ ಇರಬೇಕು. ಗೀಸರನ್ನು ಮಣ್ಣಿನ ಗಾರೆಯ ಗೋಡೆಗೆ ಬರೀ ಫಾಸ್ನರ್‌ನಲ್ಲಿ ನೇತುಹಾಕಬೇಡಿ. ಆಚೆ ಬದಿಗೆ ಪಟ್ಟಿ ಕೊಟ್ಟು ಆರಪಾರ ಬೋಲ್ಟ್ ಹಾಕಿಸಿ.

ಎಲ್ಲ ಮುಗಿದು ಟಬ್ಬು ತರುವ ಮೊದಲು ಭಾರ ಹಾಕಿ ನೋಡಬಹುದು. ಇದನ್ನು ತುದಿಗಳ ಪರೀಕ್ಷೆ ಆದ ಮೇಲೆ, ಎಂಜಿನಿಯರ್ ಎದುರಿಗೇ ಮಾಡಿ. ಅನುಮಾನ ಇರುವ ನೆಲಕ್ಕೆ ಈ ಪ್ರಯೋಗ ಬೇಡ. ಕೆಳಗೆ ಜಂತಿಗೆ ತಾಗದ ಹಾಗೆ ಒಂದಿಂಚು ಬಿಟ್ಟು ಸೆಂಟ್ರಿಂಗ್‌ನವರ ಜಾಕಿ ನಿಲ್ಲಿಸಿ, ಆ ಕೋಣೆಗೆ ಯಾರೂ ಹೋಗದ ಹಾಗೆ ಬಾಗಿಲು ಹಾಕಿ. ಮೇಲೆ ಟಬ್ಬಿನ ಜಾಗದಲ್ಲಿ 20 ಲೀಟರ್ ಕ್ಯಾನುಗಳನ್ನು ನಾಲ್ಕು ನಾಲ್ಕಾಗಿ ಇಡುತ್ತಾ ಹೋಗಿ. 16 ಕ್ಯಾನಿಗೆ 320 ಕೆಜಿ ಆಯಿತು. ಪ್ರತಿ ಸಲ ನೂಲಿನಿಂದ ಬಾಗು ಅಳೆಯಿರಿ. ಒಂದು ರಾತ್ರಿ ಬಿಟ್ಟು ಮತ್ತೆ ಅಳೆದು, ಕ್ಯಾನು ತೆಗೆದ ಮೇಲೂ ಅಳೆಯಿರಿ. ಎರಡು ಮೂರು ಮಿಲಿಮೀಟರ್ ಬಗ್ಗಿ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಬಂದರೆ ಸರಿ. ರಾತ್ರಿಯಿಡೀ ಇಳಿಯುತ್ತಲೇ ಹೋಗಿದ್ದರೆ, ಚಟಚಟ ಸದ್ದು ಬಂದರೆ, ಗೋಡೆಯ ಹತ್ತಿರ ಹೊಸ ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ.

ಹಳೇ ಕಾಲದ ಬೀಡಿನ (ಎರಕದ ಕಬ್ಬಿಣದ) ಟಬ್ಬು ತರುತ್ತೇನೆ ಅಂತ ಮಗ ಹೊರಟರೆ ಲೆಕ್ಕ ಬದಲಾಗುತ್ತದೆ. ಅದು ಖಾಲಿ ಇರುವಾಗಲೇ 150 ಕೆಜಿ ಆಸುಪಾಸು. ಅದನ್ನು ಕೆಳಗಿನ ಬಚ್ಚಲುಮನೆಗೇ ಸಾಗಹಾಕಿ. ನನ್ನನ್ನು ಕೇಳಿದರೆ ಅಕ್ರಿಲಿಕ್ ಟಬ್ಬಿಗೂ ಅದೇ ಒಳ್ಳೇ ಜಾಗ. ಹಂಡೆ ಇದೆ, ಒಲೆ ಇದೆ, ನೀರು ತೋಟಕ್ಕೆ ಹೋಗುವ ಕಾಲುವೆ ಇದೆ, ನೆಲ ಎಷ್ಟು ಭಾರ ಹಾಕಿದರೂ ಕೇಳುತ್ತದೆ. ಪಡುಗಡೆ ಗೋಡೆಗೆ ದೊಡ್ಡ ಕಿಟಕಿ ಇಟ್ಟರೆ ತೋಟವೂ ಕಾಣುತ್ತದೆ. ಮತ್ತೆ ಒಂದು ಸ್ನಾನಕ್ಕೆ 200 ಲೀಟರ್ ಎಂದರೆ ಏಪ್ರಿಲ್‌ನಲ್ಲಿ ನಿಮ್ಮ ಬಾವಿ ಏನು ಹೇಳುತ್ತದೆ ಅಂತಲೂ ಮಗನನ್ನು ಕೇಳಿ ನೋಡಿ.

ಮೇಲೇ ಆಗಬೇಕು ಅಂತ ತೀರ್ಮಾನವಾದರೆ ಕೆಲಸದ ಸಾಲು ಹೀಗಿರಲಿ. ಈ ಮಳೆಗಾಲದಲ್ಲಿ ತುದಿಗಳ ತೇವ ನೋಡಿಸಿ, ಗುರುತು ಹಾಕಿಸಿ. ದೀಪಾವಳಿ ಕಳೆದ ಮೇಲೆ ಮಣ್ಣು ತೆಗೆಸಿ, ಡ್ರಿಲ್ ಹಾಕಿಸಿ, ಹಳೇ ಮರದ ಮನೆಗಳ ಕೆಲಸ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಆರ್‌ಸಿಸಿ ಬಿಟ್ಟು ಬೇರೇನೂ ಮುಟ್ಟದವರಾದರೆ ಎಲ್ಲ ಕಿತ್ತು ಸ್ಲ್ಯಾಬ್ ಹಾಕಿ ಅನ್ನುತ್ತಾರೆ. ಕಂಬ, ಪ್ಲೈವುಡ್, ಫೈಬರ್ ಎಲ್ಲ ಮಾರ್ಚ್ ಒಳಗೆ ಮುಗಿಯಲಿ. ಟಬ್ಬಿನ ಕೆಳಗಿನ ಕೋಣೆಗೆ ಮಾತ್ರ ಫಾಲ್ಸ್ ಸೀಲಿಂಗ್ ಹಾಕಿಸಬೇಡಿ, ಅತಿಥಿಗಳಿಗೆ ಚೆಂದ ಕಾಣಲಿ ಅಂತ ಯಾರು ಹೇಳಿದರೂ ಸರಿ. ಸೋರಿದ ಮೊದಲ ಹನಿ ಹಲಗೆಯ ಸಂದಿಯಿಂದ ಕೆಳಗೆ ಬೀಳಬೇಕು, ಅದನ್ನು ಮನೆಯವರು ಅದೇ ದಿನ ನೋಡಬೇಕು.